ಕಾಳಿ ಮನೆಯೊಳಗೆ ಉಚ್ಚೆ ಹೊಯ್ಯತೊಡಗಿದಾಗ

ದತ್ತು ತಂದಾಗ ನಮ್ಮ ನಾಯಿ ಕಾಳಿಗೆ ಸುಮಾರು 4 ವರ್ಷ. ಮೊದಲ ಮೂರು ವಾರ ಮನೆಯೊಳಗೆ ಒಂದು ಹನಿಯೂ ಬೀಳಲಿಲ್ಲ. ಎಲ್ಲ ಕಲಿತೇ ಬಂದಿದೆ ಎಂದು ಕಂಡಕಂಡವರ ಮುಂದೆ ಜಂಬ ಕೊಚ್ಚಿದ್ದೆ. ನಾಲ್ಕನೇ ವಾರ ಒಂದು ಬೆಳಿಗ್ಗೆ ಮಂಚದಿಂದ ಇಳಿದು ಚಾಪೆಯ ಮೇಲೆ ಕಾಲಿಟ್ಟರೆ ಒದ್ದೆ. ಮಧ್ಯಾಹ್ನ ಬಾಗಿಲ ಬಳಿ, ಸಂಜೆ ಮತ್ತೆ ಅದೇ ಚಾಪೆ.

ಗದರಿದೆ. ಮರುದಿನ ಅದು ಸೋಫಾದ ಹಿಂದೆ ಹೋಗಿ ಹೊಯ್ದಿತ್ತು. ಹೊರಗೆ ಕರೆದೊಯ್ದರೆ ನಾನು ಪಕ್ಕದಲ್ಲಿರುವಷ್ಟು ಹೊತ್ತು ಕೂರುತ್ತಲೇ ಇರಲಿಲ್ಲ. ನನ್ನ ಗದರಿಕೆಯಿಂದ ಅದು ಕಲಿತದ್ದು ಇಷ್ಟೇ: ಈ ಮನುಷ್ಯನ ಕಣ್ಣೆದುರು ಹೊಯ್ಯಬಾರದು.

ಆಮೇಲೆ ಬುದ್ಧಿ ಬಂದು ಒಂದು ನೋಟ್‌ಬುಕ್ ಇಟ್ಟೆ. ಎಷ್ಟು ಹೊತ್ತಿಗೆ, ಎಲ್ಲಿ, ಎಷ್ಟು. ಎರಡು ದಿನದಲ್ಲಿ 11 ಸಲ, ಬಹುಪಾಲು ಚಮಚದಷ್ಟೇ. ಇದು ನನ್ನ ಜಾಗ ಎಂದು ಉಚ್ಚೆಯಿಂದ ಗುರುತು ಹಾಕುವ ನಾಯಿ ಸಾಮಾನ್ಯವಾಗಿ ಗೋಡೆ, ಕುರ್ಚಿಕಾಲು ಹುಡುಕುತ್ತದೆ. ಒಂಟಿತನದ ಭಯವಾದರೆ ನಾವಿಲ್ಲದಾಗ ಆಗಬೇಕು. ಇದು ನಾನು ಮನೆಯಲ್ಲಿದ್ದಾಗಲೂ ಆಗುತ್ತಿತ್ತು. ಕೂತರೆ ಬಹಳ ಹೊತ್ತು ಏಳುತ್ತಿರಲಿಲ್ಲ. ನೀರನ್ನೂ ಅಳೆದಿಟ್ಟೆ. ದಿನಕ್ಕೆ ಕೆಜಿ ತೂಕಕ್ಕೆ 100 ಮಿ.ಲೀ. ದಾಟಿದರೆ ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆಗಳನ್ನು ಅನುಮಾನಿಸಬೇಕು. 15 ಕೆಜಿಯ ಕಾಳಿ ಕುಡಿಯುತ್ತಿದ್ದದ್ದು 800 ಮಿ.ಲೀ. ಆಸುಪಾಸು, ಆ ಮಿತಿಗಿಂತ ಬಹಳ ಕಡಿಮೆ.

ವೈದ್ಯರು ನೋಟ್‌ಬುಕ್ ನೋಡಿದವರೇ ಬೆಳಗಿನ ಮೊದಲ ಮೂತ್ರ ತರಲು ಹೇಳಿದರು. ಹೇಳಿದಷ್ಟು ಸುಲಭವಲ್ಲ ಅದು! ಸೌಟು ತೊಳೆದು, ಕೋಲಿಗೆ ಕಟ್ಟಿ ಹಿಂದಿನಿಂದ ತೂರಿಸಿದೆ. ಎರಡು ಸಲ ಬೆಚ್ಚಿಬಿದ್ದು ಎದ್ದು ನಿಂತಿತು. ಮೂರನೆಯ ದಿನ, ಕೂತು ಹರಿಯಲು ಶುರುವಾದ ಮೇಲೆ ತೂರಿಸಿದಾಗ ಸಿಕ್ಕಿತು. ತಲುಪಿಸಲು ತಡವಾಗುವಂತಿದ್ದರೆ ಫ್ರಿಜ್ಜಿನಲ್ಲಿಡಬೇಕು. ಮೂತ್ರಕೋಶದ ಸೋಂಕು ಎಂದು ಬಂತು. ಮಾತ್ರೆ ಮುಗಿಯುವ ಮೊದಲೇ ಹನಿ ನಿಂತಿತ್ತು, ಆದರೂ ಕೊನೆಯ ಮಾತ್ರೆಯವರೆಗೂ ಕೊಟ್ಟೆ.

ಸೋಂಕು ಹೋದರೂ ಚಾಪೆಯ ಜಾಗ ಮಾತ್ರ ಬಿಡಲಿಲ್ಲ. ತಪ್ಪು ನನ್ನದೇ. ಅಷ್ಟೂ ದಿನ ಅಮೋನಿಯಾ ಇರುವ ದ್ರಾವಣದಿಂದ ಒರೆಸುತ್ತಿದ್ದೆ. ಅದರ ವಾಸನೆ ಉಚ್ಚೆಯ ವಾಸನೆಗೇ ಹತ್ತಿರ. ಚಾಪೆ ಎಸೆದೆ. ರಾತ್ರಿ ದೀಪ ಆರಿಸಿ ನೇರಳಾತೀತ ಟಾರ್ಚ್ ಬಿಟ್ಟಾಗ ನನಗೆ ಗೊತ್ತೇ ಇರದ ಮೂರು ಕಲೆಗಳು ಹೊಳೆದವು. ಉಚ್ಚೆಯ ವಾಸನೆಯನ್ನು ಒಡೆಯುವ ಕಿಣ್ವ (ಎನ್‌ಜೈಮ್) ಇರುವ ಕ್ಲೀನರನ್ನು ನೆನೆಯುವಷ್ಟು ಸುರಿದು, ಕಾದು, ಆಮೇಲೆ ಒರೆಸಿದೆ.

ಜೊತೆಗೆ ಮರಿನಾಯಿಯ ದಿನಚರಿ: ಎದ್ದ ಕೂಡಲೇ, ಉಂಡ ಮೇಲೆ, ಆಡಿದ ಮೇಲೆ, ಮಲಗುವ ಮುನ್ನ ಹೊರಗೆ. ಉದ್ದನೆಯ ಹಗ್ಗ ಹಿಡಿದು ಬೇರೆಲ್ಲೋ ನೋಡುತ್ತಾ ನಿಲ್ಲುತ್ತಿದ್ದೆ. ಮುಗಿಸಿದ ತಕ್ಷಣ, ಅಲ್ಲೇ, ತಿನಿಸು. ಇನ್ನೊಂದು ಪೆದ್ದುತನ ಆಗ ಹೊಳೆಯಿತು. ಅದು ಹೊಯ್ದ ಕೂಡಲೇ ಕೆಲಸ ಮುಗಿಯಿತೆಂದು ಮನೆಗೆ ತಿರುಗುತ್ತಿದ್ದೆ. ಹೊಯ್ದರೆ ಸುತ್ತಾಟ ಮುಗಿಯುತ್ತದೆ ಎಂದಾದರೆ ಯಾವ ನಾಯಿ ಬೇಗ ಹೊಯ್ದೀತು? ಈಗ ಹೊಯ್ದ ಮೇಲೆ ಇನ್ನೂ ಹತ್ತು ನಿಮಿಷ ನಡೆಯುತ್ತೇವೆ.

ಎರಡು ತಿಂಗಳಾಯಿತು, ನೋಟ್‌ಬುಕ್ ಖಾಲಿ. ಆ ಸೌಟನ್ನು ಮಾತ್ರ ಅಡುಗೆಮನೆಗೆ ಮರಳಿ ಸೇರಿಸಲು ಮನೆಯಲ್ಲಿ ಯಾರೂ ಒಪ್ಪಿಲ್ಲ.