ಬರೆದದ್ದನ್ನು ಓದಲು ಕಲಿತದ್ದು

ನಮ್ಮ ಮನೆ ಮೂಲ್ಕಿಯಲ್ಲಿ. ಅಮ್ಮ ಬೀಡಿ ಕಟ್ಟುತ್ತಿದ್ದರು, ಅಪ್ಪ ಬೀಡಿ ಬ್ರಾಂಚಿನಲ್ಲಿ ಲೆಕ್ಕ ಬರೆಯುತ್ತಿದ್ದರು. 1997ರಲ್ಲಿ ನನ್ನ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಸೋದರಮಾವ ಮನೆಗೆ ಬಂದು, "ಅವಳನ್ನು ಕಮರ್ಷಿಯಲ್ ಪ್ರಾಕ್ಟೀಸ್‌ಗೆ ಹಾಕಿ ಭಾವಾ, ಟೈಪಿಂಗ್, ಶಾರ್ಟ್‌ಹ್ಯಾಂಡ್ ಎರಡೂ ಆಗ್ತದೆ, ಬ್ಯಾಂಕಿಗೆ ಹೋಗಬಹುದು" ಅಂದರು. ನಮ್ಮ ಕಡೆ ಆ ಮಾತಿಗೆ ತೂಕ ಇತ್ತು. ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿ, ಅದೇ ವರ್ಷ ಕಾರ್ಪೊರೇಷನ್ ಬ್ಯಾಂಕ್ ಉಡುಪಿಯಲ್ಲಿ, 1924ರಲ್ಲಿ ಕರ್ಣಾಟಕ ಬ್ಯಾಂಕ್, ಮರುವರ್ಷ ಸಿಂಡಿಕೇಟ್, 1931ರಲ್ಲಿ ವಿಜಯಾ. ಇಷ್ಟು ಬ್ಯಾಂಕುಗಳು ಹುಟ್ಟಿದ ಊರಿನಲ್ಲಿ ಮನೆಗೊಬ್ಬರಾದರೂ ಟೈಪಿಂಗ್ ಕಲಿತವರು ಇರುತ್ತಿದ್ದರು. ನಾನು ಡಿಪ್ಲೊಮಾ ಮುಗಿಸಿ ಹೊರಗೆ ಬರುವ ಹೊತ್ತಿಗೆ ಆ ಬ್ಯಾಂಕುಗಳಲ್ಲಿ ಕಂಪ್ಯೂಟರ್ ಬಂದು ಕೂತಿತ್ತು, ಟೈಪಿಸ್ಟರನ್ನು ಕರೆಯುವವರು ಇರಲಿಲ್ಲ. ಆದರೂ ಆ ಮೂರು ವರ್ಷದ ಓದು ಇವತ್ತಿನವರೆಗೆ ನನ್ನನ್ನು ಸಾಕಿದೆ. ಅದು ಹೇಗೆ ಅನ್ನುವುದನ್ನೇ ಬರೆಯುತ್ತಿದ್ದೇನೆ. ಈಗ ಇದೇ ವಿಷಯ ಕಲಿಸುತ್ತಿದ್ದೇನೆ, ಕಲಿಯಲು ಬರುವ ಮಕ್ಕಳು ಕೇಳುವ ಪ್ರಶ್ನೆಯೂ ಅದೇ.

ಶಾರ್ಟ್‌ಹ್ಯಾಂಡ್ ಅಂದರೆ ಮಾತಿನ ವೇಗಕ್ಕೆ ಸರಿಯಾಗಿ ಬರೆದುಕೊಳ್ಳುವ ಗೆರೆಗಳ ಲಿಪಿ. ಮಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಅದರ ಮೊದಲ ತಿಂಗಳು ಬರೇ ಗೆರೆ. ಪೀ, ಬೀ, ಟೀ, ಡೀ, ಚೇ, ಜೇ, ಕೇ, ಗೇ ಎಂದು ಬಾಯಲ್ಲಿ ಹೇಳುತ್ತಾ ಕೈಯಲ್ಲಿ ಎಳೆಯಬೇಕು. ಐಸಾಕ್ ಪಿಟ್‌ಮನ್ 1837ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟಿಸಿದ ಪದ್ಧತಿಯೇ ಇದಕ್ಕೆಲ್ಲ ಬೇರು. ಅಕ್ಷರ ನೋಡಬಾರದು, ಉಚ್ಚಾರ ಮಾತ್ರ ಕೇಳಬೇಕು. ತೆಳು ಗೆರೆಯಾದರೆ 'ಪ', ಅದನ್ನೇ ಒತ್ತಿ ಎಳೆದರೆ 'ಬ'. ಸ್ವರಕ್ಕೆ ಚುಕ್ಕೆ, ಸಣ್ಣ ಅಡ್ಡಗೆರೆ. ವೇಗ ಬಂದ ಮೇಲೆ ಆ ಚುಕ್ಕೆಯನ್ನೂ ಬಿಡುತ್ತೇವೆ. ಗೆರೆ ಸಾಲಿನ ಮೇಲುಗಡೆ ಇದೆಯೋ, ಸಾಲಿಗೆ ತಾಗಿ ಕೂತಿದೆಯೋ, ಸಾಲನ್ನು ಸೀಳಿದೆಯೋ ನೋಡಿ ಸ್ವರ ಯಾವುದಿರಬಹುದೆಂದು ತಿಳಿಯಬೇಕು.

ಟೈಪಿಂಗ್ ನನಗೆ ಬೇಗ ಒಲಿಯಿತು. ಅದರ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ: ಬೆರಳು ಅದರದರ ಮನೆಯಲ್ಲಿರಬೇಕು, ಕಣ್ಣು ಕಾಗದದ ಮೇಲಿರಬೇಕು, ದಿನ ತಪ್ಪಿಸಬಾರದು.

ಶಾರ್ಟ್‌ಹ್ಯಾಂಡ್ ಹಾಗಲ್ಲ. ಎರಡನೇ ವರ್ಷದಲ್ಲಿ ನಿಮಿಷಕ್ಕೆ 80 ಪದದ ಡಿಕ್ಟೇಷನ್ ಬರೆಯುತ್ತಿದ್ದೆ. ಒಂದು ಪದವೂ ಬಿಡುತ್ತಿರಲಿಲ್ಲ. ಬರೆದದ್ದನ್ನು ಟೈಪ್ ಮಾಡಲು ಕೂತರೆ ಅರ್ಧ ಓದಲಿಕ್ಕೆ ಬರುತ್ತಿರಲಿಲ್ಲ. ಕ್ಲಾಸಿನಲ್ಲಿ ಎಲ್ಲರದೂ ಅದೇ ಕತೆ. ವೇಗ ಹೆಚ್ಚಾದರೆ ಎಲ್ಲ ಸರಿಯಾಗುತ್ತದೆ ಅಂದುಕೊಂಡು ಇನ್ನೂ ಬೇಗ ಬರೆಯುತ್ತಿದ್ದೆವು, ಗೆರೆಗಳು ಇನ್ನೂ ಕೆಡುತ್ತಿದ್ದವು. ನಮ್ಮ ಮೇಡಂ ಒಂದು ದಿನ ನನ್ನ ಪುಸ್ತಕ ತೆಗೆದು ಹದಿನೈದು ದಿನ ಹಿಂದಿನ ಪುಟ ತೆರೆದು, "ಇದನ್ನು ಓದು" ಅಂದರು. ನಾಲ್ಕು ಸಾಲಿಗೆ ನಿಂತುಬಿಟ್ಟೆ. "ನಾಳೆಯಿಂದ ಹೊಸ ಡಿಕ್ಟೇಷನ್ ಬೇಡ ನಿನಗೆ. ಹಳೆಯದನ್ನು ಗಟ್ಟಿಯಾಗಿ ಓದು. ಓದಲಿಕ್ಕೆ ಬಾರದ ಗೆರೆಗೆ ವೃತ್ತ ಹಾಕಿ, ಅದನ್ನೇ ಒಂದು ಸಾಲು ಪೂರ್ತಿ ಬರಿ."

ಮೂರು ವಾರ ಹಾಗೇ ಮಾಡಿದೆ. ಹೋಗುವಾಗಲೂ ಬರುವಾಗಲೂ ಬಸ್ಸಿನಲ್ಲಿ ಪುಸ್ತಕ ಬಿಡಿಸಿ ಓದುತ್ತಿದ್ದೆ. ಸೀಟು ಸಿಗದಿದ್ದರೆ ಬ್ಯಾಗಿನ ಮೇಲೆ ಬೆರಳಿನಿಂದಲೇ ಸುರತ್ಕಲ್, ಕುಳಾಯಿ, ಪಣಂಬೂರು, ಕೂಳೂರು ಎಂದು ಸ್ಟಾಪಿನ ಹೆಸರುಗಳನ್ನು ಬರೆಯುತ್ತಿದ್ದೆ. ಓದುತ್ತಾ ಓದುತ್ತಾ ನನ್ನ ಕೈ ಎಲ್ಲೆಲ್ಲಿ ಸುಳ್ಳು ಹೇಳುತ್ತದೆ ಎಂದು ಗೊತ್ತಾಯಿತು. ನನ್ನ 'ಟ' ವಾಲುತ್ತಿತ್ತು. ಶಬ್ದಕ್ಕೆ 'ಟ' ಅಥವಾ 'ಡ' ಸೇರಿಸಲು ಗೆರೆಯನ್ನು ಅರ್ಧ ಅಳತೆಗೆ ಎಳೆಯಬೇಕು, ನನ್ನದು ಮುಕ್ಕಾಲು ಆಗುತ್ತಿತ್ತು. ಅದು ತಿಳಿದ ಮೇಲೆ ಕೈ ತಾನಾಗಿ ಹದಕ್ಕೆ ಬಂತು. ಮೂರು ವಾರ ಕಳೆದು ಮತ್ತೆ ಡಿಕ್ಟೇಷನ್‌ಗೆ ಕೂತಾಗ 100ಕ್ಕೆ ಹೋಗುವುದು ಕಷ್ಟವೇ ಆಗಲಿಲ್ಲ.

ಮನೆಯಲ್ಲಿ ಅಭ್ಯಾಸಕ್ಕೆ ತಮ್ಮನನ್ನು ಕೂರಿಸಿಕೊಳ್ಳುತ್ತಿದ್ದೆ. ಓದುವವರಿಗೆ ವೇಗ ತಪ್ಪಬಾರದೆಂದು ಪತ್ರಿಕೆಯ ಸಂಪಾದಕೀಯದಲ್ಲಿ ಪೆನ್ಸಿಲಿನಿಂದ 20 ಪದಕ್ಕೊಂದು ಗೀಟು ಹಾಕಿಡಬೇಕು. ಆ 20 ಪದ 15 ಸೆಕೆಂಡಿನಲ್ಲಿ ಮುಗಿದರೆ ನಿಮಿಷಕ್ಕೆ 80. ಅದೇ 15 ಸೆಕೆಂಡಿಗೆ 25 ಪದವಾದರೆ 100, 30 ಆದರೆ 120. ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ನೋಡಿಕೊಂಡು ಏಳನೇ ಕ್ಲಾಸಿನ ಹುಡುಗ ಸಂಪಾದಕೀಯ ಓದುತ್ತಿದ್ದ. ಅವನಿಗೆ ಅರ್ಥವಾಗದ ಶಬ್ದವನ್ನು ತಪ್ಪಾಗಿ ಹೇಳುತ್ತಿದ್ದ, ನಾನು ಸರಿಯಾಗಿ ಬರೆದುಕೊಳ್ಳಬೇಕಿತ್ತು. ಅದೂ ಒಳ್ಳೆಯ ತರಬೇತಿಯೇ ಆಯಿತು. ಆಫೀಸಿನಲ್ಲಿ ಡಿಕ್ಟೇಷನ್ ಕೊಡುವವರು ಯಾರೂ ಪರೀಕ್ಷೆಯ ಹಾಗೆ ಬಿಡಿಸಿ ಬಿಡಿಸಿ ಹೇಳುವುದಿಲ್ಲ.

2000ದಲ್ಲಿ ಮಂಗಳೂರಿನ ಹಿರಿಯ ವಕೀಲರೊಬ್ಬರ ಚೇಂಬರಿಗೆ ಸೇರಿದೆ. ಮೊದಲ ವಾರವೇ ಗೊತ್ತಾದದ್ದು, ಕಾಲೇಜಿನಲ್ಲಿ ಕಲಿತ ಶಬ್ದಗಳು ಇಲ್ಲಿ ಸಾಲವು ಎಂದು. ಇಂಗ್ಲಿಷಿನಲ್ಲಿ ಡಿಕ್ಟೇಟ್ ಮಾಡುತ್ತಾ ಮಾಡುತ್ತಾ ಅವರು ಕುಮ್ಕಿ ಅನ್ನುವರು, ವರ್ಗ ಅನ್ನುವರು, ಮೂಲಗೇಣಿ, ಒಳಮೂಲಗೇಣಿ, ಅಳಿಯ ಸಂತಾನ ಅನ್ನುವರು. ದಕ್ಷಿಣ ಕನ್ನಡದ ಜಾಗದ ವ್ಯಾಜ್ಯ ಈ ಶಬ್ದಗಳಿಲ್ಲದೆ ಮುಂದೆ ಹೋಗುವುದೇ ಇಲ್ಲ. ಪಿಟ್‌ಮನ್ ನಿಘಂಟಿನಲ್ಲಿ ಇವು ಎಲ್ಲಿಂದ ಬರಬೇಕು?

ಶಬ್ದದ ಅರ್ಥ ಗೊತ್ತಿಲ್ಲದೆ ಗೆರೆ ಹಾಕಿದರೆ ನಾಳೆ ಓದಲಿಕ್ಕಾಗುವುದಿಲ್ಲ ಎಂದು ಅಷ್ಟು ಹೊತ್ತಿಗೆ ಕಲಿತಿದ್ದೆ. ಹಾಗಾಗಿ ಊಟದ ಹೊತ್ತಿನಲ್ಲಿ ಆಫೀಸಿನ ಹಳೆಯ ಗುಮಾಸ್ತರ ಹತ್ತಿರ ಕೂತು ಒಂದೊಂದನ್ನೇ ಕೇಳಿದೆ. ವರ್ಗ ಜಾಗದ, ಅಂದರೆ ಕಂದಾಯ ಕಟ್ಟುವ ಸ್ವಂತ ಜಾಗದ, ಸುತ್ತ 100 ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಕಟ್ಟಿಗೆಗಾಗಿ ವರ್ಗದಾರರಿಗೆ ಇರುವ ಸವಲತ್ತು ಕುಮ್ಕಿ. ಮೂಲಗೇಣಿ ಅಂದರೆ ಶಾಶ್ವತ ಗೇಣಿ, ಮೂಲಗೇಣಿದಾರ ಇನ್ನೊಬ್ಬರಿಗೆ ಅದೇ ರೀತಿ ಕೊಟ್ಟರೆ ಒಳಮೂಲಗೇಣಿ. ಅಳಿಯ ಸಂತಾನ, ಅಂದರೆ ಹೆಣ್ಣಿನ ಕಡೆಯಿಂದ ಆಸ್ತಿ ಬರುವ ಪದ್ಧತಿ, ನಮ್ಮ ಮನೆಯದ್ದೇ ಕಟ್ಟು. ಆದರೆ ಅದಕ್ಕೆ 1949ರಲ್ಲಿ ಮದ್ರಾಸ್ ಸರ್ಕಾರ ಮಾಡಿದ ಕಾಯ್ದೆಯೊಂದಿದೆ ಎಂದು ಗೊತ್ತಾದದ್ದು ಅಲ್ಲಿ.

ಅರ್ಥ ತಿಳಿದ ಮೇಲೆ ಗೆರೆ ಕಟ್ಟಿದೆ. ಮೂಲಗೇಣಿಗೆ ಮ, ಲ, ಗ, ನ. ಮೊದಲ ಸ್ವರ 'ಊ' ಮೂರನೇ ಸ್ಥಾನದ್ದು, ಆದ್ದರಿಂದ 'ಲ' ಸಾಲನ್ನು ಸೀಳಬೇಕು. ವರ್ಗ ಸಾಲಿಗೆ ತಾಗಿ ಕೂರುತ್ತದೆ. ಅಳಿಯ ಸಂತಾನ ಉದ್ದವಾಗುತ್ತಿತ್ತು, ದಿನಕ್ಕೆ ಇಪ್ಪತ್ತು ಸಲ ಬರುವ ಶಬ್ದ, ಅದನ್ನು 'ಲ'ಗೆ 'ಸ'ದ ವೃತ್ತ ಸೇರಿಸಿ ಮೊಟಕು ಮಾಡಿದೆ. ಪುಸ್ತಕದ ಕೊನೆಯ ಪುಟದಲ್ಲಿ ಈ ಪಟ್ಟಿ. ಪುಸ್ತಕ ಮುಗಿದಾಗ ಹೊಸ ಪುಸ್ತಕದ ಕೊನೆಯ ಪುಟಕ್ಕೆ ನಕಲು. ವಕೀಲರ ಚೇಂಬರಾಗಲಿ, ಆಸ್ಪತ್ರೆಯಾಗಲಿ, ಬಂದರಿನ ಕ್ಲಿಯರಿಂಗ್ ಆಫೀಸಾಗಲಿ, ಪ್ರತಿ ಆಫೀಸಿಗೂ ಅದರದೇ ನೂರು ಶಬ್ದ ಇರುತ್ತವೆ. ಮೊದಲ ತಿಂಗಳು ಆ ನೂರನ್ನು ಹಿಡಿದವರಿಗೆ ಮುಂದಿನ ವರ್ಷಗಳು ಹಗುರ.

ಅದೇ ಚೇಂಬರಿನಲ್ಲಿ ಎರಡನೇ ವರ್ಷ ನನ್ನಿಂದ ಒಂದು ತಪ್ಪಾಯಿತು. ಜಾಗದ ಕೇಸಿನ ಅಫಿಡವಿಟ್. ಪಿಟ್‌ಮನ್‌ನಲ್ಲಿ 'ಐ ಆಮ್' ಎಂಬುದಕ್ಕೆ ಪೂರ್ಣ ಅಳತೆಯ 'ಮ', 'ಐ ಆಮ್ ನಾಟ್' ಎಂಬುದಕ್ಕೆ ಅದೇ 'ಮ' ಅರ್ಧ ಅಳತೆ. ವ್ಯತ್ಯಾಸ ಕೆಲವೇ ಮಿಲಿಮೀಟರ್. ಸಂಜೆ ಆರು ಗಂಟೆ, ಹೊರಗೆ ಆಷಾಢದ ಮಳೆ, ಬಸ್ಸಿನ ಚಿಂತೆ. ಅರ್ಧ 'ಮ' ಉದ್ದವಾಯಿತು. ಜಾಗ ತನ್ನ ಸ್ವಾಧೀನದಲ್ಲಿ ಇಲ್ಲ ಅನ್ನಬೇಕಾದ ಕಡೆ ಇದೆ ಎಂದು ಟೈಪ್ ಮಾಡಿದೆ. ಮರುದಿನ ಸಹಿ ಹಾಕಲು ಬಂದ ಅಜ್ಜಿಗೆ ತುಳು ಬಿಟ್ಟು ಬೇರೆ ಭಾಷೆ ತಿಳಿಯದು. ಸರ್ ಒಂದೊಂದೇ ಪ್ಯಾರಾ ತುಳುವಿನಲ್ಲಿ ವಿವರಿಸುತ್ತಾ ಬಂದರು. ಐದನೇ ಪ್ಯಾರಾಕ್ಕೆ ಅಜ್ಜಿ ಕೈ ಅಡ್ಡ ಹಿಡಿದು, "ಜಾಗೆ ಎನ್ನ ಕೈಟ್ ಇಜ್ಜಿ" ಅಂದರು. ಜಾಗ ನನ್ನ ಕೈಯಲ್ಲಿಲ್ಲ ಎಂದು.

ಸರ್ ಬೈಯಲಿಲ್ಲ. "ನಿನ್ನ ಪುಸ್ತಕ ತಾ ಮಗಾ, ಆ ಸಾಲು ಓದು" ಅಂದರು. ಓದಿದೆ. ಗೆರೆ ನೋಡಿದರೆ ಎರಡೂ ಆಗಬಹುದಿತ್ತು. ಮೇಲಿನ ಸಾಲಿನ ಸಂದರ್ಭ ಓದಿದ್ದರೆ 'ನಾಟ್' ಬಿಟ್ಟು ಬೇರೆ ಆಗುವುದಕ್ಕೇ ಸಾಧ್ಯವಿರಲಿಲ್ಲ. ನಾನು ಗೆರೆ ಓದಿದ್ದೆ, ಮಾತು ಓದಿರಲಿಲ್ಲ. ಅಂದಿನಿಂದ ಎರಡು ನಿಯಮ ಮಾಡಿಕೊಂಡೆ. 'ನಾಟ್' ಬಂದಲ್ಲೆಲ್ಲ ಪಕ್ಕದ ಅಂಚಿನಲ್ಲಿ ಒಂದು ಚುಕ್ಕೆ. ಟೈಪ್ ಮಾಡುವ ಮೊದಲು ಇಡೀ ಡಿಕ್ಟೇಷನ್ ಒಮ್ಮೆ ತುಟಿ ಆಡಿಸಿ ಓದುವುದು. ಐದು ನಿಮಿಷ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ಕನ್ನಡ ಟೈಪಿಂಗ್ ಅನ್ನು ನಾನು ಎರಡು ಸಲ ಕಲಿಯಬೇಕಾಯಿತು. ಟೈಪ್‌ರೈಟರಿನಲ್ಲಿ ಕಲಿತಾಗ ಅಕ್ಷರವನ್ನು ಅದರ ಆಕಾರದಂತೆ ತುಂಡು ತುಂಡಾಗಿ ಜೋಡಿಸುವುದು ಅಭ್ಯಾಸವಾಗಿತ್ತು. ನುಡಿ ತಂತ್ರಾಂಶ ಬಂದ ಮೇಲೆ ಕೆ. ಪಿ. ರಾವ್ ವಿನ್ಯಾಸದ ಕೀಲಿಮಣೆ. ಅದರಲ್ಲಿ ಉಚ್ಚಾರ ಹೇಗೋ ಹಾಗೆ ಒತ್ತಬೇಕು. ಕಿನ್ನಿಕಂಬಳದವರು ಅವರು, ಗುರುಪುರದ ಆಚೆ, ನಮ್ಮದೇ ಊರ ಕಡೆಯವರು ಎಂದು ತಿಳಿದಾಗ ಬಹಳ ಸಂತೋಷವಾಯಿತು. ಶಾರ್ಟ್‌ಹ್ಯಾಂಡ್ ಕಲಿತ ಕಿವಿಗೆ ಆ ಕೀಲಿಮಣೆ ಸುಲಭ, ಏಕೆಂದರೆ ಎರಡೂ ಕೇಳುವುದು ಶಬ್ದವನ್ನೇ. ಹಳೆಯ ಬೆರಳಿನ ಅಭ್ಯಾಸ ಬಿಡಲು ಮಾತ್ರ ಎರಡು ತಿಂಗಳು ಬೇಕಾಯಿತು.

2006ರಿಂದ ಹನ್ನೆರಡು ವರ್ಷ ಬೈಕಂಪಾಡಿಯ ಒಂದು ಕಂಪನಿಯಲ್ಲಿ ಎಂ.ಡಿ.ಯವರ ಪಿ.ಎ. ಆಗಿದ್ದೆ. ಫೋನು, ಪ್ರಯಾಣದ ಟಿಕೆಟ್, ಫೈಲಿಂಗ್ ಇವೆಲ್ಲ ಕೆಲಸ ಮಾಡುತ್ತಾ ಬರುತ್ತವೆ. ಕಲಿತು ಹೋಗಬೇಕಾದದ್ದು ಸಭೆಯ ನಡವಳಿ (ಮಿನಿಟ್ಸ್) ಬರೆಯುವುದು. 2013ರ ಕಂಪನಿ ಕಾಯ್ದೆಯ ಪ್ರಕಾರ ಬೋರ್ಡ್ ಮೀಟಿಂಗಿಗೆ ಸಾಮಾನ್ಯವಾಗಿ ಕನಿಷ್ಠ 7 ದಿನ ಮೊದಲು ನೋಟಿಸ್ ಹೋಗಬೇಕು. 2015ರ ಜುಲೈಯಿಂದ ಜಾರಿಗೆ ಬಂದ ಸೆಕ್ರೆಟೇರಿಯಲ್ ಸ್ಟ್ಯಾಂಡರ್ಡ್ ಎಂಬ ಸಭೆಯ ನಿಯಮಗಳ ಪ್ರಕಾರ ಸಭೆ ಮುಗಿದ ಮೇಲೆ ನಡವಳಿಯ ಕರಡು 15 ದಿನದೊಳಗೆ ನಿರ್ದೇಶಕರಿಗೆ ಹೋಗಬೇಕು, ಅವರು 7 ದಿನದೊಳಗೆ ಅಭಿಪ್ರಾಯ ತಿಳಿಸಬೇಕು, 30 ದಿನದೊಳಗೆ ಪುಸ್ತಕಕ್ಕೆ ಏರಬೇಕು. ಜವಾಬ್ದಾರಿ ಕಂಪನಿ ಸೆಕ್ರೆಟರಿಯವರದ್ದು, ಟಿಪ್ಪಣಿ ನನ್ನದು. ಎರಡು ಗಂಟೆ ಚರ್ಚೆಯಲ್ಲಿ ನಡವಳಿಗೆ ಬೇಕಾದದ್ದು ಹತ್ತು ವಾಕ್ಯ. ಯಾವ ಹತ್ತು ಎಂದು ಕೇಳುತ್ತಿರುವಾಗಲೇ ಗೊತ್ತಾಗಬೇಕು. ಚೇಂಬರಿನಲ್ಲಿ ಸಂದರ್ಭ ನೋಡಿ ಓದಲು ಕಲಿತಿರದಿದ್ದರೆ ನನಗೆ ಇದು ಬರುತ್ತಿರಲಿಲ್ಲ.

2019ರಿಂದ ಒಂದು ಕಾಲೇಜಿನಲ್ಲಿ ಬಿ.ಕಾಂ. ಮಕ್ಕಳಿಗೆ ಸಂಜೆ ಆಫೀಸ್ ತರಬೇತಿಯ ಕ್ಲಾಸು ತೆಗೆದುಕೊಳ್ಳುತ್ತಿದ್ದೇನೆ. "ಮೊಬೈಲಿನಲ್ಲಿ ಮಾತಾಡಿದರೆ ಅದೇ ಟೈಪ್ ಮಾಡ್ತದಲ್ಲ ಮೇಡಂ, ಇದೆಲ್ಲ ಯಾಕೆ?" ಎಂದು ಪ್ರತಿವರ್ಷ ಯಾರಾದರೂ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಅವರ ಮೊಬೈಲಿಗೇ ಒಂದು ಪ್ಯಾರಾ ಹೇಳಿಸುತ್ತೇನೆ, ನಮ್ಮೂರಿನ ಮಾತಿನ ಹಾಗೆ ಇಂಗ್ಲಿಷು, ಕನ್ನಡ, ನಡುವೆ ಒಂದು ತುಳು, ಮಧ್ಯದಲ್ಲಿ "ಅದು ಬೇಡ, ಹೊಡೆದು ಹಾಕು". ಬಂದದ್ದನ್ನು ಅವರೇ ತಿದ್ದಬೇಕು. ತಿದ್ದುವುದಕ್ಕೆ ಏನು ಗೊತ್ತಿರಬೇಕು ಎಂದು ಆಗ ಅವರಿಗೇ ತಿಳಿಯುತ್ತದೆ. ಇನ್ನು ಕೆಲಸದ ಮಾತು: ಕೇಂದ್ರ ಸರ್ಕಾರದ ಸ್ಟಾಫ್ ಸೆಲೆಕ್ಷನ್ ಕಮಿಷನ್ ಇವತ್ತಿಗೂ ಸ್ಟೆನೋಗ್ರಾಫರ್ ಪರೀಕ್ಷೆ ನಡೆಸುತ್ತದೆ. ಗ್ರೇಡ್ ಡಿಗೆ ನಿಮಿಷಕ್ಕೆ 80 ಪದ, ಗ್ರೇಡ್ ಸಿಗೆ 100, ಹತ್ತು ನಿಮಿಷದ ಡಿಕ್ಟೇಷನ್. ಇಂಗ್ಲಿಷಿನಲ್ಲಿ ಬರೆಯುವವರಿಗೆ ಅದನ್ನು ಕಂಪ್ಯೂಟರಿಗೆ ಇಳಿಸಲು ಗ್ರೇಡ್ ಡಿಯಲ್ಲಿ 50 ನಿಮಿಷ, ಸಿಯಲ್ಲಿ 40. ಹತ್ತು ನಿಮಿಷ ಬರೆಯುವುದಕ್ಕೆ, ಐವತ್ತು ನಿಮಿಷ ಓದಿ ಇಳಿಸುವುದಕ್ಕೆ. ನಮ್ಮ ಕೋರ್ಟುಗಳಿಗೂ ಕನ್ನಡ, ಇಂಗ್ಲಿಷ್ ಎರಡೂ ಬಲ್ಲ ಸ್ಟೆನೋಗಳು ಬೇಕು. ಮೂರು ವರ್ಷದ ಡಿಪ್ಲೊಮಾ ಆಗದವರಿಗೆ ಐಟಿಐಯಲ್ಲಿ ಒಂದು ವರ್ಷದ ಸ್ಟೆನೋಗ್ರಾಫರ್ ಟ್ರೇಡ್ ಉಂಟು, ರಾಜ್ಯ ಪರೀಕ್ಷಾ ಮಂಡಳಿಯ ಜೂನಿಯರ್, ಸೀನಿಯರ್ ಪರೀಕ್ಷೆಗಳುಂಟು.

ನನ್ನ ಕ್ಲಾಸಿನಲ್ಲಿ ಮೊದಲ ಇಪ್ಪತ್ತು ನಿಮಿಷ ಹೊಸದೇನೂ ಬರೆಯುವ ಹಾಗಿಲ್ಲ. ಹಿಂದಿನ ವಾರದ ಪುಟ ತೆರೆದು ಒಬ್ಬೊಬ್ಬರಾಗಿ ಎದ್ದು ಗಟ್ಟಿಯಾಗಿ ಓದಬೇಕು. ನಿಂತುಹೋದ ಕಡೆ ಪಕ್ಕದವರು ಹೇಳಿಕೊಡಬಾರದು, ಗೆರೆಯನ್ನು ಬೋರ್ಡಿನಲ್ಲಿ ದೊಡ್ಡದಾಗಿ ಬರೆದು ಎಲ್ಲರೂ ಸೇರಿ ಬಿಡಿಸುತ್ತೇವೆ. ಮೊದಲ ತಿಂಗಳು ಮಕ್ಕಳಿಗೆ ಇದು ಬೇಸರ. ಕೆಲವರು ಬಿಟ್ಟು ಹೋಗುತ್ತಾರೆ, ಅದು ನನಗೆ ನೋವಿನ ವಿಷಯ. ಉಳಿದವರ ಓದು ಒಂದು ದಿನ ತಡೆಯಿಲ್ಲದೆ ಹರಿಯತೊಡಗಿದಾಗ ಇಡೀ ಕ್ಲಾಸು ಸುಮ್ಮನಾಗಿ ಕೇಳುತ್ತದೆ.

ಕಳೆದ ವಾರ ಕಂದಾಯ ಇಲಾಖೆಯ ಪತ್ರವೊಂದನ್ನು ಡಿಕ್ಟೇಟ್ ಮಾಡಿದ್ದೆ. ಅದರಲ್ಲಿ ಇ-ಖಾತಾ ಎಂಬ ಶಬ್ದ ನಾಲ್ಕು ಸಲ ಇತ್ತು, ಅದಕ್ಕೆ ನಾನು ಗೆರೆ ಕೊಟ್ಟಿರಲಿಲ್ಲ. ಮೂಡುಬಿದಿರೆಯಿಂದ ಬರುವ ಒಬ್ಬಳು ನಾಲ್ಕನ್ನೂ ಒಂದೇ ರೀತಿ ಬರೆದಿದ್ದಳು, ಓದುವಾಗ ಒಂದು ಕಡೆಯೂ ನಿಲ್ಲಲಿಲ್ಲ. ಪುಸ್ತಕ ಇಸಿದುಕೊಂಡು ನೋಡಿದೆ: 'ಕ'ವನ್ನು ಅರ್ಧಕ್ಕಿಳಿಸಿ 'ತ' ಸೇರಿಸಿದ್ದಾಳೆ, ಮುಂದೆ 'ಇ'ಗೆ ಒಂದು ಚುಕ್ಕೆ ಇಟ್ಟಿದ್ದಾಳೆ. "ಖಾತಾ ಮಾತ್ರ ಬಂದರೆ ಚುಕ್ಕೆ ಬೇಡ ಮೇಡಂ, ಅದಕ್ಕೇ ಹಾಗೆ ಮಾಡಿದ್ದು" ಅಂದಳು. ಚೀಲದಿಂದ ನನ್ನ ಪುಸ್ತಕ ತೆಗೆದು, ಕೊನೆಯ ಪುಟದಲ್ಲಿ ಒಳಮೂಲಗೇಣಿಯ ಕೆಳಗೆ ಅದನ್ನು ಬರೆದುಕೊಂಡೆ.