ಕೆಂಪಿಯ ಕಣ್ಣಿನ ಕೆಳಗಿನ ಬಾವು

ನಾಯಿಯ ಮುಖ ಊದಿದೆ ಅಂತ ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಎರಡೇ ಮಾತು: ಎಷ್ಟು ಹೊತ್ತಿನಲ್ಲಿ ಊದಿತು? ಮುಖದ ಯಾವ ಜಾಗದಲ್ಲಿ ಊದಿದೆ? ನಮ್ಮ ಕೆಂಪಿಯ ಜೊತೆ ಒಂದು ಮಳೆಗಾಲವೆಲ್ಲ ಹೆಣಗಿದ ಮೇಲೆ ಈ ಎರಡು ಪ್ರಶ್ನೆಗಳ ಬೆಲೆ ಗೊತ್ತಾಗಿದ್ದು.

ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಇಲ್ಲಿ ನಾಯಿಯ ಮೂತಿ ಊದುವುದು ಹೊಸದೇನಲ್ಲ. ಕಣಜವೋ ಜೇನೋ ಕಚ್ಚಿದರೆ ಸ್ವಲ್ಪ ಹೊತ್ತಿನಲ್ಲೇ ತುಟಿ, ರೆಪ್ಪೆಗಳು ದಪ್ಪಗಾಗುತ್ತವೆ, ಮೈಮೇಲೆ ಗಂಧೆ ಏಳುತ್ತದೆ, ಕೆರೆತ ತಾಳದೆ ಮುಖವನ್ನು ನೆಲಕ್ಕೆ ಉಜ್ಜುತ್ತವೆ. ಹೆಚ್ಚಿನವು ಒಂದೆರಡು ದಿನದೊಳಗೆ ಇಳಿಯುತ್ತವೆ. ಆದರೆ ಅದರ ಜೊತೆ ವಾಂತಿ, ಭೇದಿ, ತೂರಾಟ, ಉಸಿರಾಟಕ್ಕೆ ಕಷ್ಟ ಶುರುವಾದರೆ ಕಾಯುತ್ತ ಕೂರುವಂತಿಲ್ಲ. ನಾನು ಒಸಡನ್ನು ಬೆರಳಿನಿಂದ ಒತ್ತಿ ಬಿಡುತ್ತೇನೆ. ಬೆಳ್ಳಗಾದ ಜಾಗ 2 ಸೆಕೆಂಡಿನೊಳಗೆ ಮತ್ತೆ ಗುಲಾಬಿ ಆಗಬೇಕು. ಆಗದಿದ್ದರೆ, ಅಥವಾ ಒಸಡೇ ಬಿಳಚಿಕೊಂಡಿದ್ದರೆ, ಗಾಡಿ ತೆಗೆಯುವುದೇ. ಹಾವಿನದು ಇನ್ನೂ ಬೇರೆ. ಕೊಳಕುಮಂಡಲ ಕಚ್ಚಿದ್ದರೆ ಮುಟ್ಟಗೊಡದಷ್ಟು ನೋವು, ಊತ ನೋಡನೋಡುತ್ತ ಹರಡುತ್ತದೆ, ಕಚ್ಚಿದ ಜಾಗದಿಂದ ರಕ್ತ ಜಿನುಗುತ್ತಲೇ ಇರಬಹುದು. ಹಲ್ಲಿನ ಗುರುತು ಕೂದಲಿನ ಮಧ್ಯೆ ಕಾಣಲೇಬೇಕು ಅಂತೇನಿಲ್ಲ, ಹುಡುಕುತ್ತ ಹೊತ್ತು ಕಳೆಯಬಾರದು.

ಕೆಂಪಿಗೆ ಇದ್ಯಾವುದೂ ಹೊಂದಲಿಲ್ಲ. ಬಲಗಣ್ಣಿನ ಕೆಳಗೆ ಮಾತ್ರ ಒಂದು ಗೋಟಡಿಕೆಯಷ್ಟು ಬಾವು. ಮೈಯಲ್ಲಿ ಗಂಧೆ ಇಲ್ಲ, ಮೈಬಿಸಿ 102 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಾಯಿಗೆ ಸರಿಯಾದದ್ದೇ. ಬಾಲ ಅಲ್ಲಾಡಿಸುತ್ತ ಓಡಾಡಿಕೊಂಡೇ ಇದ್ದಳು. ಅತ್ತೆ, ‘ಯಾವ್ದೋ ಹುಳ ಮುಟ್ಟಿರ್ಬೇಕು ಕಣೇ, ಅರಿಶಿನ ಅರೆದು ಹಚ್ಚು’ ಅಂದರು. ಪೇಟೆಯ ಡಾಕ್ಟರು ಬಾಯಿ ನೋಡಲು ಹೋದರೆ ಕೆಂಪಿ ಬಿಡಲಿಲ್ಲ. ಆ್ಯಂಟಿಬಯೋಟಿಕ್, ನೋವಿಗೊಂದು ಮಾತ್ರೆ ಕೊಟ್ಟರು. ಬಾವು ಪೂರ್ತಿ ಇಳಿಯಿತು. ಮಾತ್ರೆ ಮುಗಿದ ಸ್ವಲ್ಪ ದಿನಕ್ಕೆ ಅದೇ ಜಾಗದಲ್ಲಿ, ಅಷ್ಟೇ ಗಾತ್ರದಲ್ಲಿ ಮತ್ತೆ ಬಂತು.

ಅದು ಮರಳಿ ಬಂದ ರೀತಿಯೇ ನನ್ನನ್ನು ಎಚ್ಚರಿಸಿತು. ಹುಳದ ಊತ ಹೀಗೆ ಲೆಕ್ಕ ಹಾಕಿದಂತೆ ಬಂದು ಹೋಗುವುದಿಲ್ಲ. ದಿನಾ ಬೆಳಿಗ್ಗೆ ಜಗಲಿಯಲ್ಲಿ ಒಂದೇ ಜಾಗದಲ್ಲಿ ಕೂರಿಸಿ, ಒಂದೇ ಕೋನದಿಂದ ಮೊಬೈಲಿನಲ್ಲಿ ಫೋಟೋ ತೆಗೆಯತೊಡಗಿದೆ. ಊಟ ಮಾಡುವಾಗ ಹತ್ತಿರ ಕೂತು ನೋಡಿದೆ. ಅನ್ನ ಬಾಯಿಗೆ ತೆಗೆದುಕೊಂಡ ಕೂಡಲೇ ತಲೆ ಎಡಕ್ಕೆ ವಾಲಿಸಿ ಒಂದೇ ಕಡೆ ಅಗಿಯುತ್ತಿದ್ದಳು. ಗಟ್ಟಿ ರೊಟ್ಟಿಯ ಚೂರು ಬಲಗಡೆ ಸಿಕ್ಕಿದರೆ ಕೆಳಗೆ ಬೀಳಿಸಿ ಮತ್ತೆ ಎಡದಿಂದ ಕಚ್ಚುತ್ತಿದ್ದಳು. ಮೊದಲಿಲ್ಲದ ಬಾಯಿವಾಸನೆಯೂ ಇತ್ತು.

ಬಾಯಿ ಅಗಲಿಸುವ ಗೋಜಿಗೆ ನಾನು ಹೋಗಲಿಲ್ಲ. ಅವಳು ಅರೆನಿದ್ದೆಯಲ್ಲಿ ಮಡಿಲಿಗೆ ತಲೆ ಇಟ್ಟಾಗ ಬಲಗಡೆಯ ಮೇಲ್ತುಟಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಮೇಲೆ ಸರಿಸಿದೆ, ಇನ್ನೊಂದು ಕೈಯಲ್ಲಿ ಟಾರ್ಚು. ಕೋರೆಹಲ್ಲಿನಿಂದ ಹಿಂದಕ್ಕೆ ಹೋದರೆ ಮೇಲ್ದವಡೆಯಲ್ಲಿ ಎಲ್ಲಕ್ಕಿಂತ ದೊಡ್ಡದೊಂದು ಹಲ್ಲಿದೆ, ಮೂಳೆ ಕತ್ತರಿಸುವ ಹಲ್ಲು. ಅದರ ಹೊರಮೈ ಒಂದು ಚಕ್ಕೆಯಂತೆ ಸೀಳಿ ಒಸಡಿಗೆ ಅಂಟಿಕೊಂಡಿತ್ತು. ಒಡೆದ ಜಾಗದ ನಡುವೆ ಒಂದು ಕಂದು ಚುಕ್ಕೆ. ಸುತ್ತ ಒಸಡು ಕೆಂಪಗೆ ಊದಿತ್ತು. ಅದನ್ನೂ ಫೋಟೋ ತೆಗೆದುಕೊಂಡು ಶಿವಮೊಗ್ಗಕ್ಕೆ ಹೊರಟೆವು.

ಅಲ್ಲಿನ ಡಾಕ್ಟರು ಫೋಟೋ ನೋಡುತ್ತಲೇ, ‘ಮುಖಕ್ಕೆ ಏನೂ ಆಗಿಲ್ಲಮ್ಮ, ಹಲ್ಲಿನ ಬೇರಿನಲ್ಲಿ ಕೀವಾಗಿದೆ’ ಎಂದರು. ಬೆಳೆದ ನಾಯಿಗೆ 42 ಹಲ್ಲು. ಈ ಒಂದು ಹಲ್ಲಿಗೆ ಮೂರು ಬೇರು, ಆ ಬೇರುಗಳ ತುದಿ ಇರುವುದು ಸರಿಯಾಗಿ ಕಣ್ಣಿನ ಕೆಳಗೆ. ಹಲ್ಲು ಒಡೆದು ಒಳಗಿನ ನರದ ಜಾಗ ತೆರೆದುಕೊಂಡರೆ ಕ್ರಿಮಿಗಳು ಬೇರಿನ ತುದಿಯವರೆಗೂ ಇಳಿಯುತ್ತವೆ, ಅಲ್ಲಿ ಕಟ್ಟಿದ ಕೀವು ಕೆನ್ನೆಯಲ್ಲಿ ಬಾವಾಗಿ ಕಾಣುತ್ತದೆ. ಬಿಟ್ಟರೆ ಚರ್ಮ ಒಡೆದು ಕಣ್ಣಿನ ಕೆಳಗೆ ಸೋರುವ ಗಾಯವಾಗುತ್ತದೆ. ಮಾತ್ರೆಯಿಂದ ಕೀವು ಆರುತ್ತದೆ, ಸತ್ತ ಹಲ್ಲು ಅಲ್ಲೇ ಇರುತ್ತದೆ. ಆದ್ದರಿಂದಲೇ ಅದು ಮತ್ತೆ ಬರುವುದು. ಹಲ್ಲು ಕೀಳಿಸಬೇಕು, ಇಲ್ಲವೇ ಅನುಕೂಲವಿದ್ದಲ್ಲಿ ರೂಟ್ ಕೆನಾಲ್ ಮಾಡಿಸಬೇಕು. ನಾವು ಕೀಳಿಸಿದೆವು.

ಅರಿವಳಿಕೆಗೆ ಮುಂಚೆ ರಕ್ತ ಪರೀಕ್ಷೆ ಆಯಿತು. ನಮ್ಮ ಕಡೆ ನಾಯಿಯ ಮೈಗೆ ಅಂಟಿ ರಕ್ತ ಹೀರುವ ಉಣ್ಣೆ (ಉಣುಗು) ವಿಪರೀತ. ಉಣ್ಣೆ ಜ್ವರವಿದ್ದರೆ ಪ್ಲೇಟ್‌ಲೆಟ್ ಇಳಿದು, ಹಲ್ಲು ಕಿತ್ತಮೇಲೆ ರಕ್ತ ನಿಲ್ಲುವುದು ಕಷ್ಟ. ಇದನ್ನು ಯಾರೂ ಬಿಡಬಾರದು, ಡಾಕ್ಟರು ಮರೆತರೆ ನಾವೇ ಕೇಳಬೇಕು. ಕೆಂಪಿಯ ವರದಿ ಚೆನ್ನಾಗಿತ್ತು. ಹಲ್ಲನ್ನು ಮೂರು ತುಂಡು ಮಾಡಿ ಬೇರುಗಳನ್ನು ಒಂದೊಂದಾಗಿ ತೆಗೆದು, ಒಸಡಿಗೆ ಹೊಲಿಗೆ ಹಾಕಿದರು. ಬೇರಿನ ಚೂರು ಉಳಿದಿಲ್ಲವೆಂದು ಖಚಿತವಾಗಲು ಕೊನೆಗೆ ಒಂದು ಎಕ್ಸ್‌ರೇ.

ಮನೆಗೆ ಬಂದ ಮೇಲೆ ಗಂಜಿ, ಕಲಸಿದ ಮೊಟ್ಟೆ, ತೆಳ್ಳನೆ ರಾಗಿ ಅಂಬಲಿ. ನೋವಿಗೆ ಡಾಕ್ಟರು ಕೊಟ್ಟ ಮೆಲೋಕ್ಸಿಕ್ಯಾಮ್ ಮಾತ್ರ, ಅದೂ ಹೊಟ್ಟೆಗೆ ಏನಾದರೂ ಹಾಕಿದ ಮೇಲೆ. ಮನೆಯಲ್ಲಿ ನಮಗೆ ತಂದಿಟ್ಟ ಐಬುಪ್ರೊಫೆನ್, ಪ್ಯಾರಾಸಿಟಮಾಲ್ ನಾಯಿಗೆ ಕೊಡಲೇಬಾರದು. ಐಬುಪ್ರೊಫೆನ್ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತದೆ. ಅಕ್ಕಪಕ್ಕದ ಮನೆಗಳಲ್ಲಿ ‘ಅರ್ಧ ಮಾತ್ರೆ ಕೊಟ್ರೆ ಏನೂ ಆಗಲ್ಲ’ ಎನ್ನುವವರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ, ಆದರೂ ಹೇಳುವುದನ್ನು ಬಿಡುವುದಿಲ್ಲ.

ಬಾವು ಆಮೇಲೆ ಬರಲೇ ಇಲ್ಲ. ಎರಡೂ ಕಡೆ ಅಗಿಯಲು ಶುರುಮಾಡಿದ ಮೇಲೆ ಅವಳು ಎಷ್ಟು ಕಾಲದಿಂದ ನೋವು ನುಂಗಿಕೊಂಡಿದ್ದಳೋ ಎಂದು ನೆನೆದು ಹೊಟ್ಟೆ ಚುರುಕ್ಕೆಂದಿತು. ನಾಯಿಗಳು ಹಲ್ಲುನೋವಿಗೆ ಊಟ ಬಿಡುವುದು ಅಪರೂಪ, ತಿನ್ನುತ್ತಿದೆ ಅಂದಮಾತ್ರಕ್ಕೆ ನೋವಿಲ್ಲ ಎಂದಲ್ಲ.

ಮುಖದ ಬಾವು ಎಲ್ಲವೂ ಹಲ್ಲಿನದೇ ಆಗಬೇಕಿಲ್ಲ. ವಯಸ್ಸಾದ ನಾಯಿಯಲ್ಲಿ ಗಟ್ಟಿಯಾಗಿ, ಮಾತ್ರೆಗೂ ಜಗ್ಗದೆ ಬೆಳೆಯುತ್ತ ಹೋದರೆ ಗೆಡ್ಡೆಯೇ ಎಂದು ಸೂಜಿ ಹಾಕಿ ನೋಡಬೇಕು. ದವಡೆಯ ಕೆಳಗೆ ಮೆತ್ತಗೆ ಜೋತುಬಿದ್ದರೆ ಜೊಲ್ಲಿನ ಗ್ರಂಥಿ ಸೋರಿರಬಹುದು. ಹತ್ತಿರದಲ್ಲಿ ಎಕ್ಸ್‌ರೇ ಇಲ್ಲದವರಿಗೆ ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಅಲ್ಲಿ ವಿಚಾರಿಸಬಹುದು.

ಈಗ ಕೆಂಪಿ ರಸ್ತೆ ಬದಿಯಿಂದ ಎಳೆದು ತರುವ ಮೂಳೆಗಳನ್ನು ಕಸಿದು ಎಸೆಯುತ್ತೇನೆ. ಕಡಿಯಲು ಏನು ಕೊಡುವುದಿದ್ದರೂ ಮೊದಲು ಹೆಬ್ಬೆರಳಿನ ಉಗುರು ಒತ್ತಿ ನೋಡುತ್ತೇನೆ, ಉಗುರಿನ ಗುರುತು ಮೂಡದಷ್ಟು ಗಟ್ಟಿಯಿದ್ದರೆ ಕೊಡುವುದಿಲ್ಲ. ಉಣ್ಣೆ ತೆಗೆಯಲು ಕೂರಿಸಿದಾಗಲೆಲ್ಲ ಎರಡೂ ಕಡೆಯ ತುಟಿ ಸರಿಸಿ ನೋಡುತ್ತೇನೆ.