ನಾಯಿಯ ಬೇಡದ ವರ್ತನೆ: ಗದರುವ ಮೊದಲು ಕಾರಣ ಹುಡುಕಿ

ನಾಯಿ ಮೈಮೇಲೆ ಹಾರುತ್ತದೆ, ಸುಮ್ಮಸುಮ್ಮನೆ ಬೊಗಳುತ್ತದೆ ಎಂದು ದೂರುವವರು ಮೊದಲು ಗಮನಿಸಬೇಕಾದದ್ದು ಎರಡು ಸಂಗತಿ: ಆ ವರ್ತನೆಗೆ ತುಸು ಮುಂಚೆ ಏನು ನಡೆಯಿತು, ಅದರ ಬೆನ್ನಿಗೇ ನಾಯಿಗೆ ಏನು ದೊರೆಯಿತು. ಒಂದು ವಾರ ಇದನ್ನು ಬರೆದಿಟ್ಟುಕೊಂಡರೆ, ‘ಸುಮ್ಮಸುಮ್ಮನೆ’ ಎಂಬುದರ ಹಿಂದೆಯೂ ಒಂದು ಕಾರಣ ಕಾಣಿಸಿಕೊಳ್ಳುತ್ತದೆ.

ಸಾಧುವಾಗಿದ್ದ ನಾಯಿ ಇದ್ದಕ್ಕಿದ್ದಂತೆ ಸಿಡುಕತೊಡಗಿದರೆ, ಅಥವಾ ಹೊರಗೆ ಹೋಗುವ ಅಭ್ಯಾಸವಿದ್ದದ್ದು ಮನೆಯೊಳಗೇ ಮೂತ್ರ ಮಾಡತೊಡಗಿದರೆ, ತರಬೇತಿಯ ಮಾತು ಆಮೇಲಿನದು. ಕಿವಿಯ ಸೋಂಕು, ಹಲ್ಲುನೋವು, ಕೀಲುನೋವು, ಮೂತ್ರದ ಸೋಂಕು ಇವೆಯೇ ಎಂದು ಮೊದಲು ಪಶುವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಮರಿ ಕಂಡದ್ದನ್ನೆಲ್ಲ ಕಚ್ಚುವುದಂತೂ ವಯಸ್ಸಿನ ಸಹಜ ಗುಣ. ಸುಮಾರು 3ರಿಂದ 6 ತಿಂಗಳ ನಡುವೆ 28 ಹಾಲುಹಲ್ಲುಗಳು ಉದುರಿ 42 ಹಲ್ಲುಗಳು ಬರತೊಡಗುತ್ತವೆ. ಚಪ್ಪಲಿಯನ್ನು ಎತ್ತಿಟ್ಟು, ಕಚ್ಚಲು ತಕ್ಕ ಆಟಿಕೆ ಕೊಟ್ಟರೆ ಸಾಕು.

ಮೈಮೇಲೆ ಹಾರುವ ನಾಯಿಗೆ ಬೇಕಿರುವುದು ನಮ್ಮ ಗಮನ. ಕೈಯಿಂದ ತಳ್ಳುವುದೂ, ‘ಬೇಡ, ಬೇಡ’ ಎಂದು ಕೂಗುವುದೂ ಅದರ ಪಾಲಿಗೆ ಆಟವೇ ಆಗಿಬಿಡಬಹುದು. ಆದ್ದರಿಂದ ಮಾತನಾಡದೆ ಬೆನ್ನು ತಿರುಗಿಸಿ ನಿಂತು, ನಾಲ್ಕೂ ಕಾಲುಗಳು ನೆಲಕ್ಕೆ ತಗುಲಿದ ಕ್ಷಣದಲ್ಲಿ ತಿನಿಸು ಕೊಟ್ಟು ಮುದ್ದಿಸಬೇಕು. ಬಂದವರ ಮುಂದೆ ಕುಳಿತುಕೊಳ್ಳುವುದನ್ನು ಬೇರೆಯಾಗಿ ಕಲಿಸಬೇಕು. ಮೊದಲ ಕೆಲವು ದಿನ ಹಾರಾಟ ಕಡಿಮೆಯಾಗುವ ಬದಲು ಹೆಚ್ಚಾಗುವುದುಂಟು, ಏಕೆಂದರೆ ಇಷ್ಟು ದಿನ ಫಲ ಕೊಟ್ಟ ಉಪಾಯವನ್ನು ನಾಯಿ ಇನ್ನಷ್ಟು ಜೋರಾಗಿ ಪ್ರಯೋಗಿಸಿ ನೋಡುತ್ತದೆ. ಆಗ ಮನೆಯವರಲ್ಲಿ ಒಬ್ಬರು ಸೋತು ಮುದ್ದಿಸಿದರೂ, ಪಟ್ಟು ಬಿಡದಿದ್ದರೆ ಕೆಲಸವಾಗುತ್ತದೆ ಎಂಬ ಪಾಠವನ್ನೇ ಕಲಿಸಿದಂತಾಗುತ್ತದೆ. ನನ್ನ ಮಟ್ಟಿಗೆ, ನಾಯಿಗಿಂತ ಮನೆಮಂದಿಯನ್ನು ತಿದ್ದುವುದೇ ಹೆಚ್ಚು ಕಷ್ಟ.

ತಪ್ಪು ನಡೆದು ಗಂಟೆ ಕಳೆದ ಮೇಲೆ ಶಿಕ್ಷಿಸಿದರೆ ನಾಯಿಗೆ ಅದರ ಸಂಬಂಧ ತಿಳಿಯದು. ತಲೆ ತಗ್ಗಿಸಿ ಕಿವಿ ಮಡಚಿಕೊಳ್ಳುವುದನ್ನು ನಾವು ಪಶ್ಚಾತ್ತಾಪವೆಂದು ಭಾವಿಸುತ್ತೇವೆ. ಆದರೆ ನಾಯಿಗಳ ವರ್ತನೆಯ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ಮುಖಭಾವ ಹೆಚ್ಚಾಗಿ ಕಂಡದ್ದು ಒಡೆಯರು ಗದರಿದಾಗಲೇ ಹೊರತು ನಾಯಿ ನಿಜವಾಗಿ ತಪ್ಪು ಮಾಡಿದ್ದಾಗಲ್ಲ.

ಗುರುಗುಟ್ಟುವಿಕೆಯನ್ನು ಮಾತ್ರ ಎಂದಿಗೂ ದಂಡಿಸಿ ಅಡಗಿಸಬಾರದು. ‘ದೂರವಿರು’ ಎಂದು ಹೇಳಲು ನಾಯಿಗಿರುವ ದಾರಿಗಳಲ್ಲಿ ಅದೊಂದು, ಮತ್ತು ಅದನ್ನು ಕಳೆದುಕೊಂಡ ನಾಯಿ ಮುನ್ಸೂಚನೆಯಿಲ್ಲದೆ ಕಚ್ಚುವ ಸಂಭವವಿದೆ. ಊಟದ ಬಟ್ಟಲಿನ ಬಳಿ ಗುರುಗುಟ್ಟಿದರೆ ಬಟ್ಟಲನ್ನು ಕಸಿಯದೆ, ಅದು ನಿರಾಳವಾಗಿರುವಷ್ಟು ದೂರದಿಂದಲೇ ಇನ್ನೂ ರುಚಿಯಾದ ತುಣುಕನ್ನು ಎಸೆದು ಹಿಂದೆ ಸರಿಯಬೇಕು. ನಾವು ಹತ್ತಿರ ಬಂದರೆ ನಷ್ಟವಲ್ಲ, ಲಾಭ ಎಂದು ಮನವರಿಕೆಯಾದಂತೆ, ಅನೇಕ ದಿನಗಳ ಅವಧಿಯಲ್ಲಿ, ಒಂದೊಂದೇ ಹೆಜ್ಜೆ ಹತ್ತಿರವಾಗಬಹುದು. ಈಗಾಗಲೇ ಕಚ್ಚಿದ ನಾಯಿಯಾದರೆ, ಅಥವಾ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ಇದನ್ನು ಸ್ವತಃ ಪ್ರಯತ್ನಿಸದೆ ಪ್ರಾಣಿಗಳ ವರ್ತನೆಯಲ್ಲಿ ಪರಿಣತಿಯುಳ್ಳ ವೈದ್ಯರ ನೆರವು ಪಡೆಯಬೇಕು.

ಒಂಟಿಯಾಗಿ ಬಿಟ್ಟಾಗ ಊಳಿಡುವ, ಬಾಗಿಲು ಕೆರೆಯುವ ನಾಯಿಯದು ಹಟವಲ್ಲ, ಆತಂಕ. ಅದನ್ನು ಬಿಟ್ಟಿರುವ ಅಭ್ಯಾಸವನ್ನು ಕೆಲವೇ ಸೆಕೆಂಡುಗಳಿಂದ ಆರಂಭಿಸಿ, ಅದು ಗಾಬರಿಯಾಗುವ ಮೊದಲೇ ಮರಳುತ್ತ, ಅವಧಿಯನ್ನು ನಿಧಾನವಾಗಿ ಬೆಳೆಸಬೇಕು. ಐದು ನಿಮಿಷಕ್ಕೆ ಕುಂಯ್‌ಗುಟ್ಟಿದರೆ ಮರುದಿನ ಎರಡೇ ನಿಮಿಷಕ್ಕೆ ಹಿಂದಿರುಗಬೇಕು.